ಹೊಡೆತವಿಲ್ಲದ ಹಿಂಸೆ, ಎಲ್ಲರ ಹೆಸರೂ ಸೇರಿದ ದೂರು: ಕಾನೂನು ಎಲ್ಲಿ ತಿದ್ದುಪಡಿಯಾಗಬೇಕು?

ಪ್ರಶ್ನೆ: ಡೊಂಬಿವಲಿ ವಾಸಿ

ಮಾನ್ಯರೇ, ನನ್ನ ತಂಗಿಯನ್ನು ಡೊಂಬಿವಲಿಯಲ್ಲೇ ಕೊಟ್ಟಿದ್ದೇವೆ. ಭಾವನವರು ಇದುವರೆಗೆ ಆಕೆಯ ಮೇಲೆ ಕೈ ಎತ್ತಿಲ್ಲ. ಆದರೆ ಸಂಬಳ ಜಮೆಯಾದ ದಿನವೇ ಪೂರ್ತಿ ಹಣ ಅವರ ಖಾತೆಗೆ ಹೋಗಬೇಕು. ಲೋಕಲ್ ರೈಲಿನ ಪಾಸಿಗೂ ಆಕೆ ಅವರನ್ನೇ ಕೇಳಬೇಕು. ಸಂಜೆ ರೈಲು ತಡವಾದರೆ ಪ್ಲಾಟ್‌ಫಾರ್ಮಿನ ಇಂಡಿಕೇಟರ್‌ನ ಫೋಟೊ ತೆಗೆದು ಕಳುಹಿಸಬೇಕು. ಮಕ್ಕಳಾಗಿಲ್ಲವೆಂದು ಅತ್ತೆಯವರು ಬಂದವರ ಮುಂದೆಲ್ಲ ಆಡುವ ಮಾತು ಬೇರೆ. ನಮ್ಮ ಹಿರಿಯರು "ಹೊಡೆದಿಲ್ಲವಲ್ಲ, ಹೊಂದಿಕೊಂಡು ಹೋಗಲಿ" ಎನ್ನುತ್ತಾರೆ. ಒಬ್ಬ ವಕೀಲರು, ಗಂಡ, ಅತ್ತೆ, ಮಾವ, ಉಡುಪಿಯಲ್ಲಿರುವ ನಾದಿನಿ ಎಲ್ಲರ ಹೆಸರನ್ನೂ ಸೇರಿಸಿ ಪೊಲೀಸರಿಗೆ ದೂರು ಕೊಟ್ಟರೆ ಮಾತ್ರ ಅವರು ದಾರಿಗೆ ಬರುತ್ತಾರೆಂದು ಸಲಹೆ ನೀಡಿದರು. ಏನೂ ಮಾಡದ ನಾದಿನಿಯನ್ನು ಎಳೆದು ತರಲು ತಂಗಿ ಒಪ್ಪಲಿಲ್ಲ. ಮಾನಸಿಕ ಹಿಂಸೆಗೆ ಪರಿಹಾರವೂ ಸಿಗಬೇಕು, ನಿರಪರಾಧಿಗಳೂ ಸಿಕ್ಕಿಬೀಳಬಾರದು ಎಂದಾದರೆ ಕಾನೂನಿನಲ್ಲಿ ಏನು ಬದಲಾಗಬೇಕು?

ಉತ್ತರ 1: ವಕೀಲೆ, ಥಾಣೆ

ನಿಮ್ಮ ತಂಗಿಯವರ ನಿರ್ಧಾರ ಸರಿಯಾದದ್ದು. ಮಾನಸಿಕ ಹಿಂಸೆಯನ್ನು ಕಾನೂನು ಗುರುತಿಸುವುದಿಲ್ಲ ಎಂಬ ತಿಳಿವಳಿಕೆ ಮೊದಲು ಹೋಗಬೇಕು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 3ನೇ ಕಲಂ ದೈಹಿಕ ಮತ್ತು ಲೈಂಗಿಕ ಹಿಂಸೆಯ ಜೊತೆಗೆ ಮಾತಿನ, ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಮಗುವಿಲ್ಲವೆಂದು ಅಥವಾ ಗಂಡುಮಗುವಿಲ್ಲವೆಂದು ಹೀಯಾಳಿಸುವುದನ್ನು ಅದರಲ್ಲಿ ಸ್ಪಷ್ಟವಾಗಿ ಹೆಸರಿಸಲಾಗಿದೆ. 12ನೇ ಕಲಮಿನಡಿ ಕಲ್ಯಾಣದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ರಕ್ಷಣಾ ಆದೇಶ, ವಾಸದ ಆದೇಶ ಮತ್ತು ಹಣಕಾಸಿನ ನೆರವನ್ನು ಕೇಳಬಹುದು. ಮಾನಸಿಕ ಯಾತನೆಗೆ 22ನೇ ಕಲಮಿನಡಿ ಪರಿಹಾರವನ್ನೂ ಕೋರಬಹುದು. ಇದರಲ್ಲಿ ಯಾರ ಬಂಧನದ ಮಾತೂ ಇಲ್ಲ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧವಾಗುತ್ತದೆ.

ತೊಡಕಿರುವುದು ಜಾರಿಯಲ್ಲಿ. ಅರ್ಜಿ 60 ದಿನಗಳೊಳಗೆ ಇತ್ಯರ್ಥವಾಗಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ವರ್ಷಗಟ್ಟಲೆ ತಾರೀಖು ಬೀಳುವುದನ್ನು ನಾನು ನೋಡುತ್ತಲೇ ಇದ್ದೇನೆ. ಕಾಯ್ದೆ ಜಾರಿಯಾಗಿ 18 ವರ್ಷ ಕಳೆದ ಮೇಲೂ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಹಾಕಲು ಮಹಿಳೆಯರಿಗೆ ನೆರವಾಗುವ ಸಂರಕ್ಷಣಾಧಿಕಾರಿಗಳನ್ನು ತಾಲ್ಲೂಕು ಮಟ್ಟದಲ್ಲಿ ನೇಮಿಸುವಂತೆ ರಾಜ್ಯಗಳಿಗೆ ಆದೇಶಿಸಬೇಕಾಯಿತು. ಈ ದಾರಿ ಹೀಗೆ ನಿಧಾನವಾಗಿರುವುದರಿಂದಲೇ ಕಕ್ಷಿದಾರರು ಕ್ರಿಮಿನಲ್ ದೂರಿನತ್ತ ತಿರುಗುತ್ತಾರೆ, ಒತ್ತಡ ಹೇರಲು ಮನೆಮಂದಿಯ ಹೆಸರೆಲ್ಲ ಅದರಲ್ಲಿ ಸೇರುತ್ತದೆ. ನನ್ನ ಮಟ್ಟಿಗೆ ಸುಧಾರಣೆ ಆರಂಭವಾಗಬೇಕಾದದ್ದು ಇಲ್ಲಿಂದ.

ಉತ್ತರ 2: ಪುಣೆ ಕನ್ನಡಿಗ

ಥಾಣೆಯ ವಕೀಲೆಯವರ ಮಾತು ಒಪ್ಪುವಂಥದ್ದೇ, ಆದರೆ ಅಷ್ಟು ಸಾಲದು. ನಮ್ಮ ಅಣ್ಣನ ಮೇಲಿನ 498ಎ (ಹೆಂಡತಿಗೆ ಗಂಡ ಅಥವಾ ಅವನ ಬಂಧುಗಳು ಕಿರುಕುಳ ಕೊಡುವುದನ್ನು ಶಿಕ್ಷಿಸುವ, ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ) ಪ್ರಕರಣದಲ್ಲಿ ಧಾರವಾಡದಲ್ಲಿದ್ದ ನಮ್ಮ ತಾಯಿಯ ಹೆಸರೂ ಇತ್ತು. ತಾರೀಖು ಬಂದಾಗಲೆಲ್ಲ ಅವರು ರಾತ್ರಿ ಬಸ್ಸಿಗೆ ಪುಣೆಗೆ ಬಂದು, ಮಧ್ಯಾಹ್ನದವರೆಗೆ ಕೋರ್ಟಿನ ಬೆಂಚಿನ ಮೇಲೆ ಕುಳಿತು, ಮುಂದಿನ ತಾರೀಖು ಕೇಳಿಕೊಂಡು ಮರಳುತ್ತಿದ್ದರು. ದೂರಿನಲ್ಲಿ ಅವರ ಬಗ್ಗೆ ಇದ್ದದ್ದು "ಎಲ್ಲರೂ ಸೇರಿ ಕಿರುಕುಳ ಕೊಟ್ಟರು" ಎಂಬ ಒಂದು ವಾಕ್ಯ. ದಿನಾಂಕವೂ ಇಲ್ಲ, ಘಟನೆಯೂ ಇಲ್ಲ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ ಎಂಬುದು ನಿಜ, ಆದರೆ ಕೋರ್ಟಿಗೆ ಅಲೆಯುವುದನ್ನು ಆ ತೀರ್ಪು ತಪ್ಪಿಸುವುದಿಲ್ಲ. ನಿರ್ದಿಷ್ಟ ಆರೋಪವಿಲ್ಲದೆ ಬಂಧುಗಳ ಹೆಸರು ಸೇರಿಸುವುದನ್ನು ಆರಂಭದಲ್ಲೇ ತಡೆಯಬೇಕೆಂದು 2024ರ ಡಿಸೆಂಬರ್‌ನಲ್ಲಿ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಹೇಳಿದೆ. ಆದರೆ ಅದರ ಪ್ರಯೋಜನ ಪಡೆಯಲು ಹೈಕೋರ್ಟಿನ ಮೆಟ್ಟಿಲೇರಬೇಕು, ಅದಕ್ಕೆ ಹಣ ಬೇಕು. ಪ್ರತಿಯೊಬ್ಬ ಆರೋಪಿ ಯಾವಾಗ, ಏನು ಮಾಡಿದರೆಂಬುದು ದೋಷಾರೋಪ ಪಟ್ಟಿಯಲ್ಲಿ ಇರಲೇಬೇಕೆಂಬ ನಿಯಮ ಬರಲಿ, ಸುಳ್ಳು ದೂರಿಗೆ ಶಿಕ್ಷೆಯೂ ಇರಲಿ.

ಉತ್ತರ 3: ಆಪ್ತಸಮಾಲೋಚಕಿ, ಮುಂಬಯಿ

ಪುಣೆಯವರ ತಾಯಿಗೆ ಆದದ್ದು ಅನ್ಯಾಯ, ಅವರು ಸೂಚಿಸಿದ ನಿಯಮ ಬರಲೇಬೇಕು. ಶಿಕ್ಷೆಯ ವಿಷಯದಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಸುಳ್ಳು ಮಾಹಿತಿಗೂ ಸುಳ್ಳು ಆರೋಪಕ್ಕೂ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 217 ಮತ್ತು 248ನೇ ಕಲಮುಗಳಲ್ಲಿ ಈಗಾಗಲೇ ಶಿಕ್ಷೆಯಿದೆ. ಈಗ 85 ಮತ್ತು 86ನೇ ಕಲಮುಗಳಾಗಿರುವ ಹಳೆಯ 498ಎ ಅಡಿಯ ಎಷ್ಟೋ ಪ್ರಕರಣಗಳು ವಿಚ್ಛೇದನದ ರಾಜಿಯಲ್ಲಿ ಕೊನೆಗೊಳ್ಳುತ್ತವೆ. ರಾಜಿಯಾದ ಮೇಲೆ ಸಾಕ್ಷಿ ಹೇಳಲು ಯಾರೂ ಬರುವುದಿಲ್ಲ, ಆರೋಪಿ ಬಿಡುಗಡೆಯಾಗುತ್ತಾರೆ. ಅದನ್ನು ಸುಳ್ಳು ದೂರೆಂದು ಎಣಿಸಲಾಗದು. ಸಾಬೀತಾಗದ ದೂರಿಗೆಲ್ಲ ದಂಡನೆಯೆಂದಾದರೆ ಮೊದಲು ಬಾಯಿ ಮುಚ್ಚುವವರು ಈ ತಂಗಿಯಂಥವರೇ, ಏಕೆಂದರೆ ಅವರ ಮೈಮೇಲೆ ಗಾಯವಿಲ್ಲ, ಕೈಯಲ್ಲಿ ವೈದ್ಯರ ಚೀಟಿಯಿಲ್ಲ. ನನ್ನ ಬಳಿ ಬರುವ ಅನೇಕ ಹೆಣ್ಣುಮಕ್ಕಳು ನಿದ್ರೆಯಿಲ್ಲ, ಎದೆ ಬಡಿದುಕೊಳ್ಳುತ್ತದೆ ಎಂದಷ್ಟೇ ಹೇಳಿ, ಕಾರಣ ಕೇಳಿದರೆ ತಲೆ ತಗ್ಗಿಸುತ್ತಾರೆ. ಅಂಥ ಕಡೆ ವೈದ್ಯರು ಕೇಳಿ ಬರೆದಿಡುವ ಎರಡು ಸಾಲೇ ಮುಂದೆ ದೊಡ್ಡ ಸಾಕ್ಷ್ಯವಾಗಬಲ್ಲದು. ತಂಗಿಯವರು ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ವಾಟ್ಸಾಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಲಿ, ಘಟನೆಗಳನ್ನು ದಿನಾಂಕದೊಂದಿಗೆ ಬರೆದಿಡಲಿ.

ಮರುಪ್ರಶ್ನೆ: ಡೊಂಬಿವಲಿ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ಫ್ಲ್ಯಾಟ್ ಮಾವನವರ ಹೆಸರಿನಲ್ಲಿದೆ. ಅರ್ಜಿ ಹಾಕಿದ ಮರುದಿನವೇ ಹೊರಗೆ ಕಳುಹಿಸಿದರೆ ಏನು ಮಾಡುವುದು ಎಂಬ ಭಯ ತಂಗಿಗಿದೆ.

ಉತ್ತರ 4: ವಕೀಲೆ, ಥಾಣೆ

ಮನೆ ಮಾವನವರ ಹೆಸರಿನಲ್ಲಿದ್ದರೂ ಸೊಸೆ ಸಂಸಾರ ಮಾಡಿಕೊಂಡು ನೆಲೆಸಿದ್ದ ಮನೆ ಕಾಯ್ದೆಯ ವ್ಯಾಪ್ತಿಗೆ ಬರಬಹುದೆಂದು ಸುಪ್ರೀಂ ಕೋರ್ಟಿನ 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದೆ. ಕಾನೂನಿನ ಕ್ರಮವಿಲ್ಲದೆ ಆಕೆಯನ್ನು ಹೊರಹಾಕುವಂತಿಲ್ಲ. ಆ ಹಕ್ಕು ನಿರಪೇಕ್ಷವಲ್ಲ, ಹಿರಿಯರ ಹಿತವನ್ನೂ ನ್ಯಾಯಾಲಯ ನೋಡುತ್ತದೆ. ಆದ್ದರಿಂದ ಮೂಲ ಅರ್ಜಿಯೊಂದಿಗೇ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನೂ ಕೇಳಿರಿ. ವಕೀಲರ ಶುಲ್ಕ ಹೊರೆಯಾದರೆ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಅಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ.