ಮಳೆ ಬಂದರೆ ನನ್ನ ತಮ್ಮ ಚೀಲ ಹಿಡಿದು ಬಾಗಿಲಲ್ಲಿ ಕೂರುತ್ತಾನೆ, ಏನು ಮಾಡಲಿ?

ಕೊಡಗಿನ ಅಕ್ಕ:
ನಮ್ಮದು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ಕೊಟ್ಟಿಗೆ, ಅರ್ಧ ತೋಟ ಹೋಯಿತು. ಈಗ ಜಂಬೂರಿನ ಪುನರ್ವಸತಿ ಮನೆಯಲ್ಲಿದ್ದೇವೆ. ತಮ್ಮನಿಗೆ 27 ವರ್ಷ, ಡೌನ್ ಸಿಂಡ್ರೋಮ್ ಇದೆ. ಅಲ್ಲಿ ದಿನಾ ಹಸುವಿಗೆ ಹುಲ್ಲು ಹಾಕುತ್ತಿದ್ದ, ಒಣಗಿದ ಕಾಳುಮೆಣಸು ಚೀಲಕ್ಕೆ ತುಂಬುತ್ತಿದ್ದ. ಇಲ್ಲಿ ಅವನಿಗೆ ಕೆಲಸವೇ ಇಲ್ಲ. ಜೂನ್‌ನಲ್ಲಿ ಮಳೆ ಶುರುವಾದರೆ ಬಟ್ಟೆ ತುಂಬಿಕೊಂಡು, ಚಪ್ಪಲಿ ಹಾಕಿ ಬಾಗಿಲಲ್ಲೇ ಕೂರುತ್ತಾನೆ. ರಾತ್ರಿ ನಿದ್ದೆ ಇಲ್ಲ. "ಮನೆಗೆ ಯಾವಾಗ?" ಅಂತ ಕೇಳಿದರೆ ಅಮ್ಮ "ನಾಳೆ" ಅನ್ನುತ್ತಾರೆ. ಇಷ್ಟು ವರ್ಷ ಅದನ್ನೇ ಹೇಳಿದ್ದೇವೆ. ಆ ಜಾಗ ತೋರಿಸಬೇಕಾ, ಬೇಡವಾ?

ಗೋಕಾಕದ ತಾಯಿ:
ತಂಗಿ, 2019ರಲ್ಲಿ ಘಟಪ್ರಭಾ ನೀರು ನಮ್ಮ ಮನೆಗೆ ನುಗ್ಗಿತ್ತು. ಮಗನಿಗೆ ಆಟಿಸಂ. ಗಂಜಿ ಕೇಂದ್ರದಲ್ಲಿ ಜನವೋ ಜನ, ಮೈಕಿನ ಸದ್ದು ಬೇರೆ. ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಬೈದವರೇ ಜಾಸ್ತಿ. ಕೊನೆಗೆ ಮೂಲೆಯಲ್ಲಿ ಎರಡು ಸೀರೆ ಕಟ್ಟಿ ಮರೆ ಮಾಡಿದೆ, ಸ್ವಲ್ಪ ತಣ್ಣಗಾದ. ನಾವೂ "ನಾಳೆ" ಅಂದೆವು. ದಿನಾ ಎದ್ದು ತಯಾರಾಗಿ ಕಾಯುತ್ತಿದ್ದ. ನೆನೆದರೆ ಈಗಲೂ ಸಂಕಟ. ನೀರು ಇಳಿದ ಮೇಲೆ, ಬಿದ್ದ ಗೋಡೆಯ ಫೋಟೊ ಮೊದಲು ಮೊಬೈಲಿನಲ್ಲಿ ತೋರಿಸಿದೆ. ಆಮೇಲೆ ಒಂದು ಬಿಸಿಲಿನ ದಿನ ಕರೆದುಕೊಂಡು ಹೋದೆ. ಬಚ್ಚಲ ಕಲ್ಲು ಒಂದೇ ಉಳಿದಿತ್ತು. ಅದರ ಮೇಲೆ ಅರ್ಧ ಗಂಟೆ ಕೂತ. ಮನೆ ಕೇಳುವುದು ಪೂರ್ತಿ ನಿಲ್ಲಲಿಲ್ಲ. ಕಾಯುವುದು ನಿಂತಿತು.

ವಿಶೇಷ ಶಿಕ್ಷಕಿ, ಮೈಸೂರು:
ತೋರಿಸಿ, ಆದರೆ ಮಳೆಗಾಲದಲ್ಲಿ ಬೇಡ, ಮಣ್ಣು ಗಟ್ಟಿಯಾಗಲಿ. ಚೀಲ ಮಾತ್ರ ದಯವಿಟ್ಟು ಕಿತ್ತುಕೊಳ್ಳಬೇಡಿ. ಅವನು ಮಾಡುತ್ತಿರುವುದು ಸರಿಯಾದ ತಯಾರಿಯೇ ಅಲ್ವಾ? ಟಾರ್ಚು, ಮಾತ್ರೆ ಚೀಟಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್, ನಿಮ್ಮ ನಂಬರು ಅದರಲ್ಲೇ ಇಡಿ. ಚೀಲಕ್ಕೆಂದು ಗೋಡೆಗೆ ಒಂದು ಮೊಳೆ ಹೊಡೆದುಕೊಡಿ, ಅವನೇ ನೇತುಹಾಕಲಿ. ನಿದ್ದೆ ಕೆಟ್ಟಿದ್ದಕ್ಕೆ ಹೆದರಿಕೆಯೊಂದೇ ಕಾರಣ ಅಂದುಕೊಳ್ಳಬೇಡಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಜಾಸ್ತಿ. ಡಾಕ್ಟರಿಗೆ ತೋರಿಸಿ. ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರ ಹತ್ತಿರ ಅವನ ಹೆಸರು ಬರೆಸಿ. ಜಿಲ್ಲೆಯ ವಿಪತ್ತು ಪ್ರಾಧಿಕಾರ ಅಂಗವಿಕಲರ ವಿವರ ಇಟ್ಟುಕೊಂಡು ಅಪಾಯ ಇದ್ದಾಗ ತಿಳಿಸಲೇಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಮತ್ತೆ, ಅವನಿಗೊಂದು ಕೆಲಸ ಹುಡುಕಿ. ನನಗೆ ಕಾಣುವಂತೆ ಅವನು ಕಳೆದುಕೊಂಡಿದ್ದು ಮನೆಗಿಂತ ಹೆಚ್ಚಾಗಿ ಅದನ್ನೇ.

ಕೊಡಗಿನ ಅಕ್ಕ:
ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಅತ್ತರು. ಇನ್ನು "ನಾಳೆ" ಅನ್ನುವುದಿಲ್ಲವಂತೆ. ಹಿಂದಿನ ಸಾಲಿನ ಮನೆಯವರಿಗೆ ಎರಡು ಹಸು ಇವೆ. ಬೆಳಿಗ್ಗೆ ಇವನನ್ನೂ ಕರೆದುಕೊಂಡು ಹೋಗಿ ಕೇಳುತ್ತೇನೆ.