ನಿದ್ದೆಗೆ ಬಾಟಲಿಯೇ ಬೇಕೆನ್ನುವ ಮಗು: ಓದುಗರ ಸ್ಪಂದನ

(ಕಳೆದ ಸಂಚಿಕೆಯ ಸಮಸ್ಯೆ: ಎರಡೂವರೆ ವರ್ಷದ ಮಗ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಲ್ಲದೆ ಮಲಗುವುದಿಲ್ಲ. ಮೇಲಿನ ಮುಂಬಲ್ಲುಗಳು ಕಂದುಬಣ್ಣಕ್ಕೆ ತಿರುಗಿವೆ. ‘ಹಾಲುಹಲ್ಲು ತಾನೆ, ಬಿದ್ದುಹೋಗುತ್ತವೆ’ ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?)

ಸೋದರಿ, ಕೆಳಗಿನ ಹಲ್ಲುಗಳು ಬೆಳ್ಳಗೇ ಇವೆ ಎಂದು ನೀವು ಬರೆದಿರುವುದರಲ್ಲೇ ಕಾರಣದ ಸುಳಿವಿದೆ. ಬಾಟಲಿ ಚೀಪುವಾಗ ಮಗುವಿನ ನಾಲಗೆ ಮುಂದೆ ಚಾಚಿ ಕೆಳಗಿನ ಮುಂಬಲ್ಲುಗಳನ್ನು ಮುಚ್ಚಿಕೊಳ್ಳುತ್ತದೆ, ನಾಲಗೆಯಡಿ ಒಸರುವ ಜೊಲ್ಲು ಅವನ್ನು ತೊಳೆಯುತ್ತಿರುತ್ತದೆ. ಮೇಲಿನ ಹಲ್ಲುಗಳಿಗೆ ಆ ಆಸರೆಯಿಲ್ಲ. ನಿದ್ದೆ ಹತ್ತಿದ ಮೇಲೆ ಜೊಲ್ಲೂ ಕಡಿಮೆಯಾಗಿ, ನುಂಗುವುದೂ ನಿಧಾನವಾಗಿ, ಸಿಹಿ ಹಾಲು ಹಲ್ಲಿನ ಸುತ್ತ ನಿಂತಾಗ ಬಾಯಿಯ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ, ಆ ಆಮ್ಲ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಅನ್ನು ಕರಗಿಸುತ್ತದೆ. ಮಗುವಿನ ಮೇಲ್ದುಟಿಯನ್ನು ಎತ್ತಿ ಬೆಳಕಿನಲ್ಲಿ ನೋಡಿ. ವಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆಯಷ್ಟೇ ಇದ್ದರೆ ಹುಳುಕನ್ನು ಅಲ್ಲೇ ತಡೆಯಲು ಅವಕಾಶವಿದೆ. ಆದರೆ ನಿಮ್ಮ ಮಗನಿಗೆ ಆಗಲೇ ಕಂದುಬಣ್ಣ ಬಂದಿರುವುದರಿಂದ ಈ ವಾರವೇ ಮಕ್ಕಳ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು. ಅತ್ತೆಯವರ ಮಾತಿಗೆ ಇಷ್ಟು ಹೇಳಿ: ಹಾಲುಹಲ್ಲುಗಳಲ್ಲಿ ದವಡೆಯವು 10–12 ವರ್ಷದವರೆಗೂ ಇರುತ್ತವೆ, ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾಯುವುದೂ ಅವೇ.
– ದಂತವೈದ್ಯೆ, ದಾವಣಗೆರೆ

ನನ್ನ ಮಗಳದೂ ಇದೇ ಕಥೆಯಾಗಿತ್ತು. ಒಮ್ಮೆಲೇ ಬಿಡಿಸಲು ಹೋಗಿ ಎರಡು ರಾತ್ರಿ ಮನೆಮಂದಿಯೆಲ್ಲ ಜಾಗರಣೆ ಮಾಡಿದ್ದಾಯಿತು. ಆಮೇಲೆ ಮೊದಲು ಸಕ್ಕರೆ ನಿಲ್ಲಿಸಿದೆ, ಬಳಿಕ ಎಂಟು ಔನ್ಸಿನ ಬಾಟಲಿಯಲ್ಲಿ ಎರಡು ದಿನಕ್ಕೊಮ್ಮೆ ಒಂದು ಔನ್ಸ್ ಹಾಲು ಕಡಿಮೆ ಮಾಡಿ ಅಷ್ಟೇ ನೀರು ಸೇರಿಸುತ್ತ ಬಂದೆ. ಹದಿನಾರನೆಯ ದಿನ ಬರೀ ನೀರೇ ಉಳಿದಾಗ ಅವಳೇ ಬಾಟಲಿಯನ್ನು ಮಂಚದಡಿ ಉರುಳಿಸಿಬಿಟ್ಟಳು. ಹಾಲನ್ನು ಸಂಜೆಯ ಊಟದ ಜೊತೆಗೆ ಸ್ಟೀಲ್ ಲೋಟದಲ್ಲಿ ಕೊಟ್ಟು, ನಂತರ ಹಲ್ಲುಜ್ಜಿ ಮಲಗಿಸುತ್ತಿದ್ದೆ. ವರ್ಷ ತುಂಬದ ಕೂಸಿನ ಹಾಲಿಗೆ ಮಾತ್ರ ಹೀಗೆ ನೀರು ಬೆರೆಸಬಾರದು. ನಮ್ಮಜ್ಜಿ ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಪಾತ್ರೆ) ಹಾಲು ಕುಡಿಸುತ್ತಿದ್ದರು. ಒಳಲೆಯನ್ನು ಬಾಯಲ್ಲಿಟ್ಟುಕೊಂಡು ಯಾವ ಕೂಸೂ ರಾತ್ರಿಯಿಡೀ ಮಲಗಿದ್ದಿಲ್ಲ.
– ಗೃಹಿಣಿ, ಶಿರಸಿ

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಹಲ್ಲಿನ ಕಲೆ ಕಂಡರೆ ಎಲ್ಲರೂ ನೀರನ್ನೇ ದೂರುತ್ತೇವೆ. ಮೊಮ್ಮಗನ ಮುಂಬಲ್ಲು ಕಂದಾದಾಗ ನಾನೂ ಹಾಗೆಯೇ ಭಾವಿಸಿ ಒಂದು ವರ್ಷ ಸುಮ್ಮನಿದ್ದೆ. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಕಲೆ ಹೆಚ್ಚಾಗಿ ಕಾಣುವುದು ಶಾಶ್ವತ ಹಲ್ಲುಗಳಲ್ಲಿ, ಇದು ಬಾಟಲಿಯ ಹುಳುಕು ಎಂದು ವೈದ್ಯರು ತಿಳಿಸುವಷ್ಟರಲ್ಲಿ ಎರಡು ಹಲ್ಲುಗಳನ್ನು ಕೀಳಿಸಬೇಕಾಗಿ ಬಂತು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕೆಂದೂ, ದೊಡ್ಡವರೇ ಉಜ್ಜಿಸಬೇಕೆಂದೂ ಅವರು ಹೇಳಿದರು. ನಮ್ಮಂಥ ಊರಿನವರಾದರೆ, ಫ್ಲೋರೈಡ್ ಇರುವ ಪೇಸ್ಟಿನ ವಿಚಾರವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಿ.
– ನಿವೃತ್ತ ಶಿಕ್ಷಕ, ಪಾವಗಡ