ಹಿಂದಿರುಗಿಸಬಹುದಾದ ಬದಲಾವಣೆಯೆಲ್ಲ ಭೌತ ಬದಲಾವಣೆಯೇ?

ಪ್ರಶ್ನೆ: ಏಳನೇ ತರಗತಿಯ ಮಕ್ಕಳಿಗೆ ಭೌತ ಮತ್ತು ರಾಸಾಯನಿಕ ಬದಲಾವಣೆಗಳನ್ನು ಕಲಿಸುವಾಗ, ಮೊದಲಿನ ಸ್ಥಿತಿಗೆ ತರಬಹುದಾದದ್ದೆಲ್ಲ ಭೌತ ಬದಲಾವಣೆ ಎಂದು ಹೇಳಿಕೊಟ್ಟರೆ ಸಾಕಾಗುತ್ತದೆಯೇ?

ಉತ್ತರ 1: ಖಂಡಿತ ಸಾಲದು. ಹರಿದ ಕಾಗದ ಮತ್ತೆ ಮೊದಲಿನಂತಾಗದು. ಆದರೂ ಚೂರುಗಳು ಕಾಗದವಾಗಿಯೇ ಉಳಿಯುವುದರಿಂದ ಅದು ಭೌತ ಬದಲಾವಣೆ. ಹೊಸ ವಸ್ತು ಉಂಟಾಯಿತೇ ಎಂಬುದನ್ನೇ ಕೇಳಬೇಕು.

ಉತ್ತರ 2: ದಯವಿಟ್ಟು ಅರಿಸಿನದ ಕಲೆಯನ್ನು ಮಕ್ಕಳಿಗೆ ತೋರಿಸಿ. ಬಿಳಿ ಬಟ್ಟೆಯ ಮೇಲಿನ ಹಳದಿ ಕಲೆಗೆ ಬಟ್ಟೆ ಸೋಪು ಉಜ್ಜಿದೊಡನೆ ಅದು ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಸೋಪಿನ ಕ್ಷಾರದಿಂದ, ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವಿನ ರಚನೆಯೇ ಬದಲಾಗುವುದರಿಂದ, ಬಣ್ಣ ಹಿಂದಿರುಗಿದರೂ ಇದು ರಾಸಾಯನಿಕ ಬದಲಾವಣೆಯೇ.

ಉತ್ತರ 3: ಹೆಪ್ಪು ಹಾಕಿದ ಹಾಲನ್ನೂ ಸೇರಿಸಿಕೊಳ್ಳಿ, ಅಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ.